ಹಳೆಯ 1035ಕ್ಕೆ ಯಾವ ಹಿಚ್: ಎರೆ ಹೊಲದಲ್ಲಿ ಮಾಡಿ ನೋಡಿದ ಲೆಕ್ಕ

ಜೂನ್ 14ರ ಸಂಜೆಗೆ ನಮ್ಮ ಹೆಸರುಕಾಳಿನ ಬಿತ್ತನೆ ಮುಗಿಯಿತು. ಹನ್ನೊಂದು ಎಕರೆ ಎರೆಯ ಪೈಕಿ ಏಳು ಎಕರೆಗೆ ಹೆಸರು. ಉಳಿದ ನಾಲ್ಕು ಎಕರೆಯನ್ನು ಹಿಂಗಾರಿಯ ಕಡಲೆಗೆಂದು ಉತ್ತು ಬಿಟ್ಟಿದ್ದೇವೆ. ಅಷ್ಟೂ ಕೆಲಸ ಮಾಡಿದ್ದು 1981ರಲ್ಲಿ ನೋಂದಣಿಯಾದ ನಮ್ಮ ಮ್ಯಾಸಿ ಫರ್ಗುಸನ್ 1035 ಟ್ರಾಕ್ಟರ್. ಏಪ್ರಿಲ್ ಮೊದಲ ವಾರದವರೆಗೂ ಆ ಗಾಡಿಗೆ ಟ್ರೇಲರ್ ಎಳೆಯುವುದು, ಸುಗ್ಗಿಯಲ್ಲಿ ರಾಶಿ ಯಂತ್ರ ತಿರುಗಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಉಳುಮೆಗೆ ಬಾಡಿಗೆ ಗಾಡಿ ಕರೆಯುತ್ತಿದ್ದೆವು. ಹದ ಬಂದ ದಿನ ಎಲ್ಲರಿಗೂ ಗಾಡಿ ಬೇಕು, ನಮ್ಮ ಪಾಳಿ ಬರುವಷ್ಟರಲ್ಲಿ ಮೇಲ್ಮಣ್ಣು ಒಣಗಿ ಹೆಂಟೆ ಏಳುತ್ತಿತ್ತು. ಎರೆ ಭೂಮಿಯಲ್ಲಿ ಎರಡು ದಿನ ತಪ್ಪಿದರೆ ಹದ ತಪ್ಪಿತು ಎಂದೇ ಅರ್ಥ. ಅದಕ್ಕಾಗಿಯೇ ಈ ವರ್ಷ ನಮ್ಮದೇ ಗಾಡಿಯ ಹಿಂಭಾಗದ ಹಿಚ್, ಅಂದರೆ ನೇಗಿಲು, ಟ್ರೇಲರ್ ಸಿಗಿಸುವ ಜೋಡಣೆ, ಸರಿಮಾಡಲು ಕೈಹಾಕಿದೆ.

ನಮ್ಮದು ಕೊಪ್ಪಳ ಜಿಲ್ಲೆಯ ಕುಕನೂರಿನಿಂದ ಎಂಟು ಕಿಲೋಮೀಟರ್ ದೂರದ ಊರು. ಬಿಡಿಭಾಗಕ್ಕೆ ಗದಗ ಹತ್ತಿರ. ಕೆಳಗಿನ ತಾರೀಖು, ಅಳತೆ, ಖರ್ಚು ಎಲ್ಲ ಆಗಾಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವು.

ಏಪ್ರಿಲ್ 6: ಇರುವುದೇನು, ಇಲ್ಲದ್ದೇನು

ಗಾಡಿಯನ್ನು ಬೇವಿನ ಮರದ ನೆರಳಿಗೆ ತಂದು ಹಿಂಭಾಗವನ್ನು ಡೀಸೆಲ್ ಹಚ್ಚಿ ತೊಳೆದೆ. ಸಲಕರಣೆಯನ್ನು ಕೆಳಗಿನಿಂದ ಹಿಡಿಯುವ ಕಬ್ಬಿಣದ ತೋಳುಗಳಾದ ಎರಡು ಕೆಳ ಲಿಂಕ್‌ಗಳು ಕೊಟ್ಟಿಗೆಯ ಮೂಲೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ ಸಿಕ್ಕವು. ಮೇಲಿನಿಂದ ಹಿಡಿಯುವ ಟಾಪ್ ಲಿಂಕ್ ಇಲ್ಲ. ಲಿಂಕುಗಳು ಪಕ್ಕಕ್ಕೆ ಬೀಸದಂತೆ ತಡೆಯುವ ಚೈನುಗಳಿಲ್ಲ. ಕೆಳ ಲಿಂಕನ್ನು ಎತ್ತುವ ಎಡಗಡೆಯ ಲಿಫ್ಟ್ ರಾಡ್ ಚೆನ್ನಾಗಿದೆ. ಬಲಗಡೆಯದರಲ್ಲಿ ಎತ್ತರ ಹೊಂದಿಸುವ ಹಿಡಿಕೆಯ ಪೆಟ್ಟಿಗೆ ತುಕ್ಕು ಹಿಡಿದು ಕಲ್ಲಾಗಿದೆ.

ಕೆಳ ಲಿಂಕಿನ ತುದಿಯಲ್ಲಿ ಪಿನ್ ತೂರುವ ಬಾಲ್‌ಗೆ ಅಳತೆಯ ವರ್ನಿಯರ್ ಹಿಡಿದೆ. ಲಿಂಕುಗಳಿಗೆ ಅಳತೆಯ ಪ್ರಕಾರ ಕ್ಯಾಟಗರಿಗಳಿವೆ, ನಮ್ಮದು ಒಂದನೆಯದು. ಒಂದನೇ ಕ್ಯಾಟಗರಿಯ ಲಿಂಕಿನಲ್ಲಿ ಈ ತೂತು 22 ಮಿಲಿಮೀಟರ್ ಪಿನ್ನಿಗೆ ತಕ್ಕಂತೆ ಇರಬೇಕು. ಬಲಗಡೆಯದು ಅಡ್ಡಕ್ಕೆ 23, ಎಳೆತ ಬೀಳುವ ದಿಕ್ಕಿಗೆ 27. ತೂತು ದುಂಡಗಿರದೆ ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಒಳಗೆ ಬೆರಳಾಡಿಸಿದರೆ ಸವೆದ ಕಡೆ ಕನ್ನಡಿಯಷ್ಟು ನುಣುಪು, ಸವೆಯದ ಕಡೆ ತುಕ್ಕಿನ ಉರುಟು. ಎಡಗಡೆಯ ಲಿಂಕಿನಲ್ಲಿ ಬಾಲ್ ಕೂರುವ ಬಳೆಯೇ ಬಾಯಿ ಬಿಟ್ಟಿತ್ತು.

ಟಾಪ್ ಲಿಂಕ್ ಸಿಗಿಸುವ ಕವಲಿಗೆ ಯಾರೋ ದಪ್ಪ ಕೊಕ್ಕೆಯೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಅಪ್ಪ 1994ರಲ್ಲಿ ಗಾಡಿ ಕೊಂಡಾಗಲೇ ಅದು ಇತ್ತಂತೆ. ಅಂದು ನಾನು ಅದನ್ನು ಗಮನಿಸಿದೆ, ತೆಗೆಯಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು.

ಏಪ್ರಿಲ್ 8: ಜಾಲಿಯ ಬೊಡ್ಡೆ

ಬದುವಿನ ಮೇಲೆ ಬಳ್ಳಾರಿ ಜಾಲಿಯ ಬೊಡ್ಡೆಯೊಂದಿತ್ತು. ಸರಪಳಿಯ ಒಂದು ತುದಿಯನ್ನು ಅದಕ್ಕೆ ಸುತ್ತಿ, ಇನ್ನೊಂದನ್ನು ಆ ಮೇಲಿನ ಕೊಕ್ಕೆಗೆ ಹಾಕಿ, ಮೊದಲನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಬೊಡ್ಡೆ ಅಲುಗಲಿಲ್ಲ. ಹಿಂದಿನ ಗಾಲಿಗಳೂ ಜಾರಲಿಲ್ಲ. ಗಾಡಿಯ ಮುಂಭಾಗ ಎದ್ದಿತು. ಸ್ಟೀರಿಂಗ್ ನನ್ನ ಎದೆಯ ಕಡೆಗೆ ಬರುತ್ತಿರುವಂತೆ ಕಂಡಾಗ ಕ್ಲಚ್ ಒತ್ತಿದೆ. ಮುಂದಿನ ಗಾಲಿಗಳು ಧೊಪ್ಪೆಂದು ನೆಲಕ್ಕೆ ಬಿದ್ದವು. ಒಂದು ಕ್ಷಣ ತಡವಾಗಿದ್ದರೆ ಗಾಡಿ ನನ್ನ ಮೇಲೆಯೇ ಮಗುಚುತ್ತಿತ್ತು.

ಆ ಸಂಜೆ ಅಳೆದೆ. ನಮ್ಮ 12.4-28 ಟೈರಿನ ಮೇಲೆ ಹಿಂದಿನ ಅಚ್ಚಿನ ನಡು ನೆಲದಿಂದ 24 ಇಂಚು. ಕೊಕ್ಕೆ ಇದ್ದದ್ದು 35 ಇಂಚು ಎತ್ತರದಲ್ಲಿ. ಅಚ್ಚಿಗಿಂತ ಮೇಲಿನಿಂದ ಎಳೆದರೆ ಎಳೆತ ಹೆಚ್ಚಿದಷ್ಟೂ ಗಾಡಿ ಹಿಂದಕ್ಕೆ ಮಗುಚಲು ನೋಡುತ್ತದೆ. ಎಳೆಯುವ ಯಾವುದೇ ವಸ್ತು ಅಚ್ಚಿಗಿಂತ ಕೆಳಗೆ, ಎಳೆಯಲೆಂದೇ ಇರುವ ಪಟ್ಟಿಯಾದ ಡ್ರಾಬಾರಿನಲ್ಲೇ ಇರಬೇಕು. ಟಾಪ್ ಲಿಂಕಿನ ಜಾಗದಿಂದ ಏನನ್ನೂ ಎಳೆಯಬೇಡಿ. ಇದನ್ನು ಓದುತ್ತಿರುವವರ ಗಾಡಿಯಲ್ಲಿ ಅಂಥ ಕೊಕ್ಕೆ ಇದ್ದರೆ ದಯವಿಟ್ಟು ಇವತ್ತೇ ಬಿಚ್ಚಿ ಹಾಕಿ. ನಾನು ಅಂದು ರಾತ್ರಿಯೇ ಬ್ಯಾಟರಿ ಬೆಳಕಿನಲ್ಲಿ ಬಿಚ್ಚಿದೆ.

ಮೂರು ಸಲಹೆ

ಯಾವ ಹಿಚ್ ಇಡುವುದೆಂಬ ಬಗ್ಗೆ ಮನೆಯಲ್ಲಿ ಒಮ್ಮತವಿರಲಿಲ್ಲ. ದೊಡ್ಡಪ್ಪನ ಮಾತು ನೇರ: "ತಮ್ಮಾ, ಡ್ರಾಬಾರ್ ಎಂದರೆ ಒಂದು ತೂತು, ಒಂದು ಪಿನ್ನು. ಅದರಲ್ಲಿ ಕೆಡುವುದು ಏನೂ ಇಲ್ಲ. ಎಳೆಯುವ ಹ್ಯಾರೋ ತಂದು ಹಾಕು, ಲಿಫ್ಟಿನ ಗೊಡವೆ ಬೇಡ." ವೆಲ್ಡಿಂಗ್ ಮೇಸ್ತ್ರಿಯದು ಬೇರೆ ವಾದ. ನಮ್ಮ ಸುತ್ತಿನಲ್ಲಿ ಬಾಡಿಗೆಗೆ ಸಿಗುವ ಕಲ್ಟಿವೇಟರ್, ರೋಟವೇಟರ್ ಬಹುಪಾಲು ದೊಡ್ಡ ಗಾಡಿಗಳಿಗೆಂದು ಮಾಡಿದ ಎರಡನೇ ಕ್ಯಾಟಗರಿಯವು. ಹೇಗೂ ಲಿಂಕಿನ ತುದಿ ಹೋಗಿದೆ, ಕತ್ತರಿಸಿ 28 ಮಿಲಿಮೀಟರ್ ಪಿನ್ನಿನ ಬಾಲ್ ಬೆಸೆದುಬಿಡೋಣ ಎಂದರು. ನನ್ನ ಮನಸ್ಸಿದ್ದದ್ದು ಗಾಡಿಯ ಜೊತೆಗೆ ಬಂದ ಒಂದನೇ ಕ್ಯಾಟಗರಿಯ ಮೂರು ಬಿಂದುಗಳ (ಎರಡು ಕೆಳ ಲಿಂಕ್, ಒಂದು ಟಾಪ್ ಲಿಂಕ್) ಲಿಂಕೇಜನ್ನೇ ಮರಳಿ ಕೂರಿಸುವುದರ ಮೇಲೆ. ಆದರೆ ಇಬ್ಬರೂ ನನಗಿಂತ ಹೆಚ್ಚು ಕೆಲಸ ಕಂಡವರು. ಆದ್ದರಿಂದ ಮೂರನ್ನೂ ಮಾಡಿ ನೋಡಿದೆ.

ಏಪ್ರಿಲ್ 13: ಡ್ರಾಬಾರ್ ಮತ್ತು ಎಳೆಯುವ ಹ್ಯಾರೋ

ಪಕ್ಕದ ಊರಿನಿಂದ ಹಳೆಯ ಎಳೆಯುವ ಡಿಸ್ಕ್ ಹ್ಯಾರೋ ತಂದೆವು. ದಿನದ ಬಾಡಿಗೆ ₹1,200. ಸಿಗಿಸಲು ಎರಡು ನಿಮಿಷ ಸಾಕಾಯಿತು; ದೊಡ್ಡಪ್ಪ ಹೇಳಿದ್ದು ನಿಜ.

ಜಾರಿಕೆ ಅಳೆಯಲು ಹಿಂದಿನ ಟೈರಿಗೆ ಸುಣ್ಣದ ಗೆರೆ ಎಳೆದು, ಗಾಲಿ ಹತ್ತು ಸುತ್ತು ತಿರುಗುವಷ್ಟರಲ್ಲಿ ಗಾಡಿ ಎಷ್ಟು ದೂರ ಹೋಯಿತೆಂದು ಟೇಪು ಹಿಡಿದೆ. ಖಾಲಿ ಗಾಡಿ 37.5 ಮೀಟರ್. ಹ್ಯಾರೋ ಎಳೆಯುವಾಗ 29 ಮೀಟರ್. ಅಂದರೆ ಶೇ 23ರಷ್ಟು ಜಾರಿಕೆ. ಗಾಲಿಯ ಹಿಂದೆ ಮಣ್ಣು ಪುಡಿಯಾಗಿ ಹಾರುವುದು ಕಣ್ಣಿಗೇ ಕಾಣುತ್ತಿತ್ತು. ಹ್ಯಾರೋದ ಭಾರ ನೆಲದ ಮೇಲೆಯೇ ಉಳಿಯುತ್ತದೆ, ಗಾಡಿಯ ಗಾಲಿಗೆ ಅದರಿಂದ ಒಂದು ಸೇರು ಭಾರವೂ ಸಿಗುವುದಿಲ್ಲ.

ಬದುವಿನ ಬಳಿ ತಿರುಗಿಸುವುದು ಇನ್ನೊಂದು ತೊಡಕು. ಹ್ಯಾರೋ ಮೇಲೇಳುವುದಿಲ್ಲವಾದ್ದರಿಂದ ಇಪ್ಪತ್ತು ಅಡಿ ಜಾಗ ಬೇಕಾಯಿತು, ಹಿಂದಕ್ಕೆ ಸರಿಯುವಂತಿಲ್ಲ. ನಮ್ಮ ಹೊಲ ಉದ್ದಕ್ಕೆ ಸಾಕಷ್ಟಿದೆ, ಅಗಲ ಕಡಿಮೆ. ಎರಡೂ ತುದಿಗೆ ಇಪ್ಪತ್ತಿಪ್ಪತ್ತು ಅಡಿ ಬಿಟ್ಟರೆ ಅಷ್ಟರಲ್ಲಿ ಒಂದು ಚೀಲ ಹೆಸರು ಬೆಳೆಯುತ್ತದೆ. ಜೊತೆಗೆ ಕರಿಕೆ ಹುಲ್ಲು. ಡಿಸ್ಕು ಕರಿಕೆಯನ್ನು ತುಂಡು ಮಾಡಿತು, ಬೇರು ಕೀಳಲಿಲ್ಲ. ತುಂಡಾದ ಪ್ರತಿ ಗೆಣ್ಣೂ ಮತ್ತೆ ಚಿಗುರುತ್ತದೆ. ಈ ಹೊಲಕ್ಕೆ ಬೇಕಾದದ್ದು ಆಳಕ್ಕೆ ಇಳಿದು ಮಣ್ಣು ಮಗುಚುವ ನೇಗಿಲು.

ಏಪ್ರಿಲ್ 19ರಿಂದ 24: ಬೆಸುಗೆಯ ಪ್ರಯೋಗ

ಬೆಸೆಯಲೆಂದೇ ಮಾರುವ ಎರಡನೇ ಕ್ಯಾಟಗರಿಯ ಬಾಲ್ ತುದಿಗಳು ಜೋಡಿಗೆ ₹1,100. ಬೆಸುಗೆ ಕೂಲಿ ₹700. ಹಳೆಯ ಲಿಂಕುಗಳನ್ನು ನಾಲ್ಕು ಇಂಚು ಕತ್ತರಿಸಿ, ಇಳಿಜಾರು ಉಜ್ಜಿ, 6013 ಕಡ್ಡಿಯಲ್ಲಿ ಬೆಸೆದರು. ನೋಡಲು ಅಚ್ಚುಕಟ್ಟಾದ ಕೆಲಸ.

ಸಿಗಿಸುವಾಗಲೇ ತೊಡಕು ಕಂಡಿತು. ಒಂದನೇ ಕ್ಯಾಟಗರಿಯಲ್ಲಿ ಸಲಕರಣೆಯ ಎರಡು ಕೆಳಪಿನ್ನುಗಳ ನಡುವಿನ ಅಂತರ 683 ಮಿಲಿಮೀಟರ್, ಹೆಚ್ಚು ಕಡಿಮೆ 27 ಇಂಚು. ಎರಡನೆಯದರಲ್ಲಿ 825, ಅಂದರೆ ಮೂವತ್ತೆರಡೂವರೆ. ತುದಿಯ ತೂತು ದೊಡ್ಡದಾದರೆ ಸಾಕೆಂದು ನಾವು ಎಣಿಸಿದ್ದೆವು. ಲಿಂಕುಗಳು ಹೊರಕ್ಕೆ ಚಾಚಬೇಕಾಗುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಸಿಗಿಸಿದ ಮೇಲೆ ಬಲಗಡೆಯ ಲಿಂಕಿಗೂ ಟೈರಿಗೂ ಉಳಿದದ್ದು ಒಂದೇ ಇಂಚು.

ಬಾಡಿಗೆಗೆ ತಂದದ್ದು ಹನ್ನೊಂದು ಹಲ್ಲಿನ ಕಲ್ಟಿವೇಟರ್. ಎತ್ತಿಕೊಂಡು ಹೊಲದ ದಾರಿಯಲ್ಲಿ ಹೋಗುವಾಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತಿತ್ತು. ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲದ ಹಿಡಿತ ಬಿಟ್ಟಿತ್ತು. ಮುಂದಕ್ಕೆ ಎರಡು ಮೂಟೆ ಮರಳು ಕಟ್ಟಿ ಎರಡು ದಿನ ನಡೆಸಿದೆ.

24ರಂದು, ಮೂರನೆಯ ದಿನ, ಬಲ ಲಿಂಕ್ ಮುರಿಯಿತು. ಬೆಸುಗೆ ಮುರಿಯಲಿಲ್ಲ, ಬೆಸುಗೆಯಿಂದ ಅರ್ಧ ಇಂಚು ಆಚೆ, ಮೂಲ ಕಬ್ಬಿಣವೇ ಸೀಳಿತು. ಮುರಿದ ಮುಖ ನೋಡಿದರೆ ಮುಕ್ಕಾಲು ಭಾಗ ಕಪ್ಪು, ಕಾಲು ಭಾಗ ಮಾತ್ರ ಹೊಳೆಯುವ ಬೂದು ಹರಳು. ಅಂದರೆ ಬಿರುಕು ಬೆಸೆದ ದಿನವೇ ಹುಟ್ಟಿ ಒಳಗೊಳಗೇ ಬೆಳೆದಿತ್ತು. ಬಡಿದು ಮಾಡಿದ ಗಟ್ಟಿ ಉಕ್ಕನ್ನು ಮೊದಲು ಕಾಯಿಸದೆ ಬೆಸೆದರೆ ಬೆಸುಗೆಯ ಪಕ್ಕದ ಭಾಗ ಗಾಜಿನಂತೆ ಪೆಡಸಾಗುತ್ತದೆ. ಮಾಡಲೇಬೇಕೆಂದರೆ ಕಾಯಿಸಿ, ಒಣಗಿಸಿದ 7018 ಕಡ್ಡಿಯಲ್ಲಿ ಬೆಸೆದು, ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಿಸಬೇಕಿತ್ತು. ಅವಸರ ಮಾಡಿದವನು ನಾನು. ಮೇಸ್ತ್ರಿ ಒಂದು ದಿನ ಬಿಡು ಎಂದಿದ್ದರು. ಇನ್ನು ಮುಂದೆ ಲಿಂಕಿನ ಮೇಲೆ ಬೆಸುಗೆ ಮಾಡಿಸುವುದಿಲ್ಲ. ಕಲ್ಟಿವೇಟರ್ ಮೇಲೆತ್ತಿದಾಗ ಅದರ ಹತ್ತಿರ ಮನುಷ್ಯರು ನಿಂತಿರುತ್ತಾರೆ.

ಏಪ್ರಿಲ್ 29: ಗದಗಿನ ಗುಜರಿ

ಬಸವ ಜಯಂತಿಯ ಹಿಂದಿನ ದಿನ ಗದಗಿಗೆ ಹೋದೆ. ನಾಲ್ಕನೆಯ ಅಂಗಡಿಯಲ್ಲಿ 1035ರದೇ ಕೆಳ ಲಿಂಕ್ ಜೋಡಿ ಸಿಕ್ಕಿತು, ತೂತು 22.6 ಮತ್ತು 22.8. ₹4,000 ಹೇಳಿ ₹3,400ಕ್ಕೆ ಕೊಟ್ಟರು. ಹಿಡಿಕೆಯ ಪೆಟ್ಟಿಗೆ ಸಹಿತ ಬಲಗಡೆಯ ಲಿಫ್ಟ್ ರಾಡ್ ₹1,450. ಹೊಸ ಟಾಪ್ ಲಿಂಕ್ ₹950, ಚೈನು ಜೋಡಿ ₹1,600, ಪಿನ್ನುಗಳು ಮತ್ತು ಲಾಕ್ ಪಿನ್ನುಗಳು ₹520. ಟಾಪ್ ಲಿಂಕ್ ಕೊಳ್ಳುವಾಗ ವರ್ನಿಯರ್ ಜೇಬಿನಲ್ಲಿರಲಿ. ಒಂದನೇ ಕ್ಯಾಟಗರಿಯ ಮೇಲಿನ ಪಿನ್ 19 ಮಿಲಿಮೀಟರ್. ಅಂಗಡಿಯವರು ಮೊದಲು ಕೈಗಿಟ್ಟದ್ದು 25ರದು, ಎರಡನೇ ಕ್ಯಾಟಗರಿಯದು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಲೇತ್ ಅಂಗಡಿಯಲ್ಲಿ ನಾಲ್ಕು ಬುಷ್ (ಪಿನ್ನಿನ ಮೇಲೆ ಕೂರುವ ಕೊಳವೆ) ಕಡೆಸಿದೆ, ₹400. ಒಳಗೆ 22, ಹೊರಗೆ 28. ದೊಡ್ಡ ಬಾಲ್‌ನ ಲಿಂಕಿರುವ ನೆರೆಯವರ ಗಾಡಿಗೆ ನಮ್ಮ ಸಣ್ಣ ಪಿನ್ನಿನ ನೇಗಿಲನ್ನು ಸಿಗಿಸಬೇಕಾದಾಗ ಇವು ಬೇಕು. ಬುಷ್ ಇಲ್ಲದೆ 22ರ ಪಿನ್ನನ್ನು 28ರ ತೂತಿಗೆ ಹಾಕಿ ಓಡಿಸಿದರೆ ಪಿನ್ನು, ಬಾಲ್ ಎರಡೂ ಒಂದೇ ಹಂಗಾಮಿಗೆ ಹಾಳಾಗುತ್ತವೆ.

ಹ್ಯಾರಿ ಫರ್ಗುಸನ್ ಎಂಬ ಐರ್ಲೆಂಡಿನವರು ಈ ಮೂರು ಬಿಂದುಗಳ ಲಿಂಕೇಜನ್ನು ರೂಪಿಸಿದ್ದು, ಫೋರ್ಡ್ 9ಎನ್ ಗಾಡಿಯಲ್ಲಿ ಅದು 1939ರಲ್ಲಿ ದೊಡ್ಡ ಪ್ರಮಾಣದಲ್ಲಿ ರೈತರ ಕೈಗೆ ಬಂದದ್ದು ಈಗ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಅನಂತರವೂ ಎಷ್ಟೋ ವರ್ಷ ಕಂಪನಿಗೊಂದು ಹಿಚ್ ಇತ್ತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಫಾಸ್ಟ್ ಹಿಚ್‌ನಲ್ಲಿ ಸಲಕರಣೆಯ ಎರಡು ಕೊಂಬುಗಳನ್ನು ಗಾಡಿಯ ಎರಡು ಬಾಯಿಗಳಿಗೆ ತೂರಿಸಬೇಕಿತ್ತು. ಅಲಿಸ್ ಚಾಮರ್ಸ್‌ನ ಸ್ನ್ಯಾಪ್ ಕಪ್ಲರ್ ಗಾಡಿಯ ಹೊಟ್ಟೆಯಡಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಕಂಪನಿಯ ನೇಗಿಲು ಇನ್ನೊಂದರ ಗಾಡಿಗೆ ಕೂರುತ್ತಿರಲಿಲ್ಲ. ಕೊನೆಗೆ ಎಲ್ಲರೂ ಫರ್ಗುಸನ್ನರ ಮೂರು ಬಿಂದುಗಳಿಗೇ ಬಂದರು. ನಾಲ್ಕು ದಶಕ ಹಳೆಯ ಗಾಡಿಗೆ ಕುಕನೂರಿನ ಯಾವ ಶೆಡ್ಡಿನಲ್ಲಿ ಮಾಡಿದ ನೇಗಿಲಾದರೂ ಕೂರುತ್ತದೆ ಎಂಬ ಸೌಕರ್ಯ ಅಲ್ಲಿಂದ ಬಂದದ್ದು. ಅದನ್ನು ಕತ್ತರಿಸಿ ಬದಲಿಸಲು ಹೊರಟದ್ದೇ ನಮ್ಮ ಮೊದಲ ತಪ್ಪು ಹೆಜ್ಜೆ.

ಮೇ 3ರಿಂದ 7: ಎಣ್ಣೆ, ಲಿವರ್, ಸ್ಪ್ರಿಂಗ್

ಏಪ್ರಿಲ್‌ನಲ್ಲಿ ಲಿಫ್ಟ್ ಏರುತ್ತಿತ್ತು, ಆದರೆ ನಡುಗುತ್ತ ಏರುತ್ತಿತ್ತು. ಕೆಳಗಿನ ಬೂಚು ಬಿಚ್ಚಿದಾಗ ಕಾರಣ ತಿಳಿಯಿತು. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಮೊದಲ ಅರ್ಧ ಲೀಟರ್ ಬರೀ ನೀರು. ಈ ಗಾಡಿಯಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಪಂಪು ಆ ಎಣ್ಣೆಯೊಳಗೇ ಮುಳುಗಿರುತ್ತದೆ. ಪಕ್ಕದ ಮುಚ್ಚಳ ಬಿಚ್ಚಿ ಪಂಪಿನ ಜರಡಿ ತೊಳೆದು, ಹೊಸ ಗ್ಯಾಸ್ಕೆಟ್, ಸೀಲು ಹಾಕಿದೆ, ₹680. ಇಪ್ಪತ್ತು ಲೀಟರಿನ ಎರಡು ಬಕೆಟ್ ಎಣ್ಣೆ ₹7,600. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ.

ಎಣ್ಣೆ ತುಂಬಿ ಗಾಡಿ ಚಾಲೂ ಮಾಡಿದರೆ ಲಿಫ್ಟ್ ಒಂದು ಇಂಚೂ ಏಳಲಿಲ್ಲ. ಮುಚ್ಚಳವನ್ನು ಎರಡನೇ ಸಲ ಬಿಚ್ಚಿದೆ. ಪಂಪೇ ಹೋಯಿತೆಂದು ಗದಗಿಗೆ ಫೋನು ಮಾಡಿ ಬೆಲೆಯನ್ನೂ ಕೇಳಿದೆ. ಅರ್ಧ ದಿನ ಕಳೆದ ಮೇಲೆ ಅಪ್ಪ ಬಂದು ಪಿಟಿಒ (ರಾಶಿ ಯಂತ್ರದಂಥವನ್ನು ಎಂಜಿನ್ನಿನ ಬಲದಿಂದ ತಿರುಗಿಸುವ ಶಾಫ್ಟ್) ಲಿವರ್ ನೋಡಿದರು. ಅದು ನ್ಯೂಟ್ರಲ್‌ನಲ್ಲಿತ್ತು. ಈ ಗಾಡಿಯಲ್ಲಿ ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟ್. ಲಿವರ್ ಹಾಕದಿದ್ದರೆ ಪಂಪು ತಿರುಗುವುದಿಲ್ಲ, ಲಿಫ್ಟ್ ಏಳುವುದಿಲ್ಲ. ರಾಶಿ ಯಂತ್ರದ ಕಾಲದಿಂದ ಅದು ಹಾಕಿಯೇ ಇದ್ದದ್ದರಿಂದ ಏಪ್ರಿಲ್‌ನಲ್ಲಿ ನನಗೆ ಗೊತ್ತಾಗಿರಲಿಲ್ಲ. ಎಣ್ಣೆ ಬದಲಿಸುವಾಗ ನಾನೇ ತೆಗೆದಿದ್ದೆ. ನಮ್ಮದು ಒಂದೇ ಕ್ಲಚ್ಚಿನ ಗಾಡಿಯಾದ್ದರಿಂದ ಕ್ಲಚ್ ಒತ್ತಿದರೂ ಲಿಫ್ಟ್ ನಿಲ್ಲುತ್ತದೆ. ಬದುವಿನ ಬಳಿ ಮೊದಲು ನೇಗಿಲು ಎತ್ತಿ, ಆಮೇಲೆ ಕ್ಲಚ್ ಒತ್ತುವ ರೂಢಿ ಕಾಲಿಗೆ ಬರಲು ನನಗೆ ಒಂದು ವಾರ ಹಿಡಿಯಿತು.

ಕೊನೆಗೆ ಸ್ಪ್ರಿಂಗ್. ಈ ಗಾಡಿಯ ಜೀವ ಇರುವುದು ಅಲ್ಲೇ ಎಂದು ನನಗೆ ಈಗ ಅನಿಸುತ್ತದೆ. ಟಾಪ್ ಲಿಂಕ್ ಸೇರುವ ಕವಲಿನ ಹಿಂದೆ ದಪ್ಪ ಸ್ಪ್ರಿಂಗೊಂದು ಇದೆ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಆ ಕುಗ್ಗು ವಾಲ್ವಿಗೆ ಹೋಗಿ ಲಿಫ್ಟ್ ನೇಗಿಲನ್ನು ತುಸು ಎತ್ತುತ್ತದೆ. ಎತ್ತಿದ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಕವಲನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿದೆ: ಟಕ್ ಟಕ್ ಎಂದು 3 ಮಿಲಿಮೀಟರ್ ಆಡುತ್ತಿತ್ತು. ಅಷ್ಟು ಆಟವಿದ್ದರೆ ವಾಲ್ವಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಾಲಿ ಜಾರಿರುತ್ತದೆ. ಆ ಕೊಕ್ಕೆಗೆ ಸರಪಳಿ ಹಾಕಿ ವರ್ಷಗಟ್ಟಲೆ ಎಳೆದದ್ದೆಲ್ಲ ಈ ಸ್ಪ್ರಿಂಗಿನ ಮೇಲೆಯೇ ಬಿದ್ದಿತ್ತು.

ಕವಲಿನ ಅಡ್ಡಪಿನ್ನನ್ನು ಹೊರಗೆ ಬಡಿದು, ಕವಲನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತ ಹೋದೆ. ಆಟ ಪೂರ್ತಿ ಹೋಗಬೇಕು, ಆದರೆ ಸ್ಪ್ರಿಂಗನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ತಿರುಗಬೇಕು. ಮೊದಲ ಸಲ ಹೆಚ್ಚು ಬಿಗಿಯಾಗಿ ಸ್ಪ್ರಿಂಗ್ ಅಲುಗಲೇ ಇಲ್ಲ. ಅರ್ಧ ಸುತ್ತು ಸಡಿಲಿಸಿದಾಗ ಎರಡು ಬೆರಳಿಗೆ ನಿಧಾನವಾಗಿ ತಿರುಗಿತು, ಕವಲು ಅಲುಗಲಿಲ್ಲ. ಪಿನ್ ಹಾಕಿ ಗ್ರೀಸ್ ಹಚ್ಚಿದೆ. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ, ಮತ್ತು ಇಷ್ಟು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ಮೇ 12: ಚೈನು ಸಡಿಲ, ಟೈರು ಗಾಯ

ಎಲ್ಲ ಜೋಡಿಸಿ ನಮ್ಮ ಒಂಬತ್ತು ಹಲ್ಲಿನ ಕಲ್ಟಿವೇಟರ್ ಸಿಗಿಸಿದೆ. ಅದರ ಮೇಲೆ 50 ಕೆ.ಜಿ.ಯ ಆರು ಗೊಬ್ಬರದ ಚೀಲ ಹೇರಿ ಎತ್ತಿದೆ, ನಡುಗದೆ ಏರಿತು. ಆ ಸಂತೋಷದಲ್ಲಿ ಚೈನುಗಳನ್ನು ಹೊಂದಿಸದೆ, ಹೊಲಕ್ಕೆ ಹೋದ ಮೇಲೆ ನೋಡೋಣವೆಂದು ಹೊರಟೆ. ಹಳ್ಳದ ಇಳಿಜಾರಿನಲ್ಲಿ ಕಲ್ಟಿವೇಟರ್ ಎಡಕ್ಕೆ ಬೀಸಿ ಅದರ ಚೌಕಟ್ಟಿನ ಮೂಲೆ ಟೈರಿನ ಪಕ್ಕೆಗೆ ಬಡಿಯಿತು. ನಾಲ್ಕು ಇಂಚು ಗೀರು, ದಾರ ಕಾಣುವಷ್ಟು ಆಳ. ಒಳಗಿನಿಂದ ತೇಪೆ ಹಾಕಿಸಲು ₹850.

ಈಗ ನಾನು ಇಡುವ ಅಳತೆ ಇದು: ಉಳುವಾಗ ಲಿಂಕಿನ ತುದಿ ಪಕ್ಕಕ್ಕೆ ಎರಡು ಇಂಚಿನಷ್ಟು ಆಡಬೇಕು, ನೇಗಿಲು ತನ್ನ ದಾರಿ ತಾನು ಹಿಡಿಯಲು ಅಷ್ಟು ಬೇಕು. ಎತ್ತಿದಾಗ ಟೈರಿಗೆ ತಾಗುವ ಮೊದಲೇ ಚೈನು ಬಿಗಿಯಬೇಕು. ಕೂರಿಗೆ ಸಿಗಿಸಿದಾಗ ಮಾತ್ರ ಎರಡೂ ಕಡೆ ಬಿಗಿ. ಇಲ್ಲದಿದ್ದರೆ ಸಾಲು ಡೊಂಕಾಗುತ್ತದೆ.

ಮೇ 24: ನೇಗಿಲು

ಕೃತ್ತಿಕಾ ಮಳೆ ಎರಡು ಸಲ ಬಂದು ಹದ ಕೊಟ್ಟಿತ್ತು. ಎರಡು ಗುಳದ, ಮಣ್ಣು ಮಗುಚುವ ನೇಗಿಲು ಸಿಗಿಸಿದೆ. ಟಾಪ್ ಲಿಂಕನ್ನು ಪಿನ್ನಿನಿಂದ ಪಿನ್ನಿಗೆ 25 ಇಂಚಿಗೆ ಇಟ್ಟು ಶುರುಮಾಡಿದೆ. ಗುಳ ಮೂತಿ ಕೆಳಗೆ ಮಾಡಿ ಹತ್ತು ಇಂಚು ಇಳಿಯಿತು, ಎಂಜಿನ್ ಹೊಗೆ ಉಗುಳಿತು. ಟಾಪ್ ಲಿಂಕನ್ನು ಮೂರು ಸುತ್ತು ಉದ್ದ ಮಾಡಿದೆ. ಎಂಟು ಇಂಚಿಗೆ ನಿಂತಿತು. ಎರಡನೇ ಸಾಲಿನಿಂದ ಬಲಗಾಲಿ ಉತ್ತ ಸಾಲಿನೊಳಗೆ ಇಳಿದು ಗಾಡಿ ವಾಲುತ್ತದೆ. ಬಲಗಡೆಯ ಹಿಡಿಕೆ ತಿರುಗಿಸಿ ಆ ಕಡೆಯ ಲಿಫ್ಟ್ ರಾಡನ್ನು ಗಿಡ್ಡ ಮಾಡಿ ನೇಗಿಲನ್ನು ಮಟ್ಟಕ್ಕೆ ತಂದೆ. ತುಕ್ಕು ಹಿಡಿದ ಹಳೆಯ ಪೆಟ್ಟಿಗೆಯಲ್ಲಿ ಇದು ಸಾಧ್ಯವೇ ಇರಲಿಲ್ಲ.

ಎಳೆತಕ್ಕೆ ತಕ್ಕಂತೆ ನೇಗಿಲನ್ನು ಏರಿಳಿಸುವ ಡ್ರಾಫ್ಟ್ ಲಿವರ್ ಮೇಲೆ ಬಿಟ್ಟು ಓಡಿಸಿದೆ. ಹೊಲದ ನಡುವೆ, ಹಿಂದೆ ಕಣ ಮಾಡಿದ್ದ ಗಟ್ಟಿ ಜಾಗವೊಂದಿದೆ. ಬಾಡಿಗೆ ಗಾಡಿಗಳು ಅಲ್ಲಿ ಜಾರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಗಾಡಿ ಅಲ್ಲಿಗೆ ಬಂದಾಗ ಎಂಜಿನ್ನಿನ ದನಿ ತಗ್ಗಿತು, ಲಿಫ್ಟ್ ತೋಳುಗಳು ಒಂದು ಬೆರಳಿನಷ್ಟು ಏರಿದವು, ಗಾಲಿಗಳು ಕಚ್ಚಿದವು, ದಾಟಿದ ಮೇಲೆ ತೋಳುಗಳು ತಾವಾಗಿ ಇಳಿದವು. ಲಿವರನ್ನು ನಾನು ಮುಟ್ಟಿರಲಿಲ್ಲ. ಗಾಡಿ ನಿಲ್ಲಿಸಿ ಹಿಂದೆ ಹೋಗಿ ಸಾಲಿನ ಆಳ ಅಳೆದೆ: ಹೊರಗೆ ಎಂಟು ಇಂಚು, ಗಟ್ಟಿ ಜಾಗದಲ್ಲಿ ಏಳು. ಮಗುಚಿದ ಮಣ್ಣಿನ ಮೇಲೆ ಕರಿಕೆಯ ಬೇರು ಬಿಳಿ ದಾರದಂತೆ ಬಿಸಿಲಿಗೆ ಬಿದ್ದಿತ್ತು.

ಹತ್ತು ಸುತ್ತಿಗೆ 33 ಮೀಟರ್. ಜಾರಿಕೆ ಶೇ 12. ಹ್ಯಾರೋ ಬೇರೆ, ನೇಗಿಲು ಬೇರೆ, ಮಣ್ಣಿನ ಹದವೂ ಅಂದಿನದಲ್ಲ, ಆದ್ದರಿಂದ 23 ಮತ್ತು 12ನ್ನು ತಕ್ಕಡಿಯಲ್ಲಿ ತೂಗಿದಂತೆ ಹೋಲಿಸಲಾಗದು. ಆದರೆ ನೇಗಿಲು ಹ್ಯಾರೋಗಿಂತ ಭಾರವಾದ ಎಳೆತ. ಅದನ್ನು ಎಳೆಯುವಾಗಲೂ ಗಾಲಿ ಕಡಿಮೆ ಜಾರಿತೆಂದರೆ ನನ್ನ ಆಯ್ಕೆಗೆ ಅಷ್ಟು ಸಾಕ್ಷಿ ಸಾಕು. ತಿರುಗಿಸಲು ಬೇಕಾದದ್ದು ಹನ್ನೆರಡು ಅಡಿ. ದೊಡ್ಡಪ್ಪ ಬದುವಿನ ಮೇಲೆ ಕುಳಿತು ಎರಡು ಗಂಟೆ ನೋಡಿದರು. "ನೇಗಿಲಿಗೆ ಇದೇ ಸರಿ. ಟ್ರೇಲರಿಗೆ ಮಾತ್ರ ನನ್ನ ಮಾತು ಕೇಳು" ಎಂದರು.

ಕಲ್ಟಿವೇಟರ್, ಕುಂಟೆ, ಕೂರಿಗೆಗೆ ಡ್ರಾಫ್ಟ್ ಬೇಡ, ಸಲಕರಣೆಯನ್ನು ಒಂದೇ ಎತ್ತರದಲ್ಲಿ ಹಿಡಿಯುವ ಪೊಸಿಷನ್ ಲಿವರ್ ಸಾಕು. ಹಗುರ ಸಲಕರಣೆ ಸ್ಪ್ರಿಂಗನ್ನು ಒತ್ತುವಷ್ಟು ಬಲವನ್ನು ಟಾಪ್ ಲಿಂಕಿಗೆ ಕೊಡುವುದಿಲ್ಲ. ಒಂದು ಸಾಲು ಡ್ರಾಫ್ಟ್‌ನಲ್ಲಿ ಹೊಡೆದು ನೋಡಿದೆ. ಕಲ್ಟಿವೇಟರ್ ಮುಳುಗಿ ಏಳುತ್ತ ಹೋಯಿತು.

ಜೂನ್ 1: ಟ್ರೇಲರ್

ದೊಡ್ಡಪ್ಪನ ಮಾತು ಕೇಳುವ ಮೊದಲು ಇನ್ನೊಂದು ಪ್ರಯೋಗ ಮಾಡಿದ್ದೆ. ಎರಡು ಕೆಳ ಲಿಂಕುಗಳ ನಡುವೆ ತೂತುಗಳ ಅಡ್ಡಪಟ್ಟಿ ಹಾಕಿ ಅದಕ್ಕೇ ಟ್ರೇಲರ್ ಸಿಗಿಸುವುದು. ಲಿಂಕ್ ಬಿಚ್ಚಿ ಹಾಕುವ ಕೆಲಸ ಉಳಿಯುತ್ತದೆಂದು. ಖಾಲಿ ಟ್ರೇಲರಿನಲ್ಲಿ ಸರಿಯೆನಿಸಿತು. ತಿಪ್ಪೆಗೊಬ್ಬರ ತುಂಬಿದಾಗ ತಗ್ಗು ಬಂದಲ್ಲೆಲ್ಲ ಟ್ರೇಲರಿನ ಮೂತಿಯ ಭಾರ ಲಿಫ್ಟಿನ ತೋಳುಗಳಿಗೆ ಬಡಿಯಿತು, ಅಡ್ಡಪಟ್ಟಿ ತನ್ನ ಪಿನ್ನುಗಳ ಮೇಲೆ ಹೊರಳಿತು. ಅರ್ಧ ಕಿಲೋಮೀಟರಿಗೆ ನಿಲ್ಲಿಸಿ ಇಳಿಸಿದೆ. ಆ ಪಟ್ಟಿಯನ್ನು ಸ್ಥಿರವಾಗಿ ಹಿಡಿಯುವ ಆಧಾರದ ಪಟ್ಟಿಗಳಿಲ್ಲದೆ ಟ್ರೇಲರ್ ಕಟ್ಟಬಾರದು. ಇದ್ದರೂ ತುಂಬಿದ ಟ್ರೇಲರಿಗೆ ನಾನು ಬಳಸುವುದಿಲ್ಲ.

ಗಾಡಿಯ ಹೊಟ್ಟೆಯಡಿಯಿಂದ ಬರುವ, ಎಡಬಲಕ್ಕೆ ಸರಿಯುವ ಡ್ರಾಬಾರ್ ₹2,300ಕ್ಕೆ ಮಾಡಿಸಿದೆವು. ಪಿನ್ನಿನ ತೂತು ನೆಲದಿಂದ 15 ಇಂಚು, ಅಚ್ಚಿಗಿಂತ 9 ಇಂಚು ಕೆಳಗೆ. ಪಿಟಿಒ ಶಾಫ್ಟಿನ ತುದಿಯಿಂದ ಹಿಂದಕ್ಕೆ 14 ಇಂಚು. 540 ಸುತ್ತಿನ ಪಿಟಿಒಗೆ ಅದೇ ನಿಗದಿತ ಅಳತೆ, ಆಗ ರಾಶಿ ಯಂತ್ರ ಎಳೆಯುತ್ತ ತಿರುಗುವಾಗ ಶಾಫ್ಟು ಮುರಿಯುವುದಿಲ್ಲ. ಉಳುವಾಗ ಡ್ರಾಬಾರನ್ನು ಒಂದು ಪಿನ್ ಎಳೆದು ಬಿಚ್ಚುತ್ತೇವೆ. ಎಳೆಯುವುದಕ್ಕೆ ಡ್ರಾಬಾರ್, ಹೊರುವುದಕ್ಕೆ ಮೂರು ಬಿಂದು: ಈ ಗಾಡಿಯಲ್ಲಿ ಇವೆರಡೂ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಜೂನ್ 12ರಿಂದ 14: ಬಿತ್ತನೆ ಮತ್ತು ಲೆಕ್ಕ

ಕಾರ ಹುಣ್ಣಿಮೆಯ ಮರುದಿನ ಮೃಗಶಿರಾ ಮಳೆಯ ಹದಕ್ಕೆ ಕೂರಿಗೆ ಹೂಡಿದೆವು. ಬಾಡಿಗೆ ಗಾಡಿಗೆ ಕಾಯಲಿಲ್ಲ.

ಗದಗಿನ ಓಡಾಟದ ₹600 ಸೇರಿ ಒಟ್ಟು ₹23,350 ಆಗಿದೆ. ಅದರಲ್ಲಿ ಬೆಸುಗೆಯ ₹1,800, ಟೈರಿನ ₹850 ನನ್ನ ಅವಸರಕ್ಕೆ ತೆತ್ತದ್ದು. ಹ್ಯಾರೋ ಬಾಡಿಗೆಯನ್ನು ನಷ್ಟವೆಂದು ಬರೆದಿಲ್ಲ; ಅಳೆದು ನೋಡದಿದ್ದರೆ ದೊಡ್ಡಪ್ಪನೂ ಒಪ್ಪುತ್ತಿರಲಿಲ್ಲ, ನನಗೂ ಧೈರ್ಯ ಬರುತ್ತಿರಲಿಲ್ಲ.

ಬಾಕಿ ಒಂದಿದೆ. ರಾತ್ರಿ ನೇಗಿಲನ್ನು ಎತ್ತಿಟ್ಟು ಎಂಜಿನ್ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ನಾಲ್ಕು ಇಂಚು ಇಳಿದಿರುತ್ತದೆ. ಸಿಲಿಂಡರಿನ ಪಿಸ್ಟನ್ನಿನಲ್ಲೋ ವಾಲ್ವಿನಲ್ಲೋ ಸೋರಿಕೆ ಇದೆ. ಮೇಲಿನ ಲಿಫ್ಟ್ ಮುಚ್ಚಳ ಎತ್ತದೆ ತಿಳಿಯದು. ಹೆಸರು ರಾಶಿಯಾದ ಮೇಲೆ, ಕಡಲೆ ಬಿತ್ತನೆಗೆ ಮೊದಲು ಬಿಚ್ಚುತ್ತೇನೆ. ಅಲ್ಲಿಯವರೆಗೆ ಗಾಡಿ ನಿಲ್ಲಿಸಿದಾಗಲೆಲ್ಲ ನೇಗಿಲನ್ನು ನೆಲಕ್ಕೆ ಇಳಿಸಿಯೇ ಕೆಳಗಿಳಿಯುತ್ತೇವೆ, ಮಕ್ಕಳನ್ನು ಅದರ ಹತ್ತಿರ ಬಿಡುವುದಿಲ್ಲ.